ಸಂಚಕಾರಕ್ಕೂ ಖರೀದಿ ಪತ್ರಕ್ಕೂ ನಡುವೆ ಬಿರುಕು ಬಿಟ್ಟ ಗೋಡೆ

ರಾಮಥಾಳ ಮತ್ತು ಸುತ್ತಲಿನ ಊರುಗಳಲ್ಲಿ ಮನೆ ಮಾರುವವರಿಗೆ, ಕೊಳ್ಳುವವರಿಗೆ, ಮಾತು ಮುಗಿಸಲು ಕೂಡುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಹಿರಿಯರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,



ನಮ್ಮ ಕಡೆ ಒಂದು ಮನೆ ಕೈ ಬದಲಾಗಲು ಎರಡು ದಿನ ಬೇಕು. ಮೊದಲನೆಯದು ಸಂಚಕಾರದ ದಿನ. ನಾಲ್ಕು ಮಂದಿ ಹಿರಿಯರು ಪಡಸಾಲೆಯಲ್ಲಿ ಕೂತು, ಬೆಲೆ ಗೊತ್ತು ಮಾಡಿ, ಮುಂಗಡ ಎಣಿಸಿ ಕೊಟ್ಟು, ಸಕ್ಕರೆ ಹಂಚಿ ಏಳುತ್ತಾರೆ. ಎರಡನೆಯದು ರಜಿಸ್ಟ್ರಿಯ ದಿನ. ಅಂದು ಉಪ ನೋಂದಣಿ ಕಚೇರಿಯಲ್ಲಿ ಎರಡೂ ಕಡೆಯವರು ಹೆಬ್ಬೆರಳು ಒತ್ತಿ, ಫೋಟೊಕ್ಕೆ ಕೂತು, ಸಹಿ ಹಾಕಿ ಬರುತ್ತಾರೆ. ಈ ಎರಡು ದಿನಗಳ ನಡುವೆ ಮೂರು ತಿಂಗಳಿರಬಹುದು, ಹನ್ನೊಂದು ತಿಂಗಳೂ ಇರಬಹುದು. ಸಾಲ ಮಂಜೂರಾಗಬೇಕು, ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ಉತಾರ ಬರಬೇಕು, ಹೊರಗೆ ದುಡಿಯುವ ತಮ್ಮ ಊರಿಗೆ ಬಂದು ಸಹಿ ಮಾಡಬೇಕು. ಮನೆ ಅಷ್ಟು ದಿನವೂ ಬಿಸಿಲಿಗೆ ಒಣಗುತ್ತ, ಮಳೆಗೆ ನೆನೆಯುತ್ತ ನಿಂತಿರುತ್ತದೆ. ರಜಿಸ್ಟ್ರಿಗೆ ಇನ್ನೇನು ಎಂಟು ದಿನ ಇದೆ ಎನ್ನುವಾಗ ಕೊಳ್ಳುವವರು ಬಂದು ಬಾಗಿಲು ತೆಗೆದರೆ, ಹಿಂದಿನ ಗೋಡೆ ಹೊಟ್ಟೆ ಬಿಟ್ಟಿದೆ, ಅಡುಗೆ ಮನೆಯ ಜಂತಿ ಮುರಿದು ಮಣ್ಣು ಸುರಿದಿದೆ.

ಆಗ ಹುಟ್ಟುವ ಮಾತು ನಿಮಗೆಲ್ಲ ಗೊತ್ತಿದ್ದದ್ದೇ. “ನಾಳೆ ನಾಡದ್ದು ರಜಿಸ್ಟ್ರಿ ಐತಿ, ಈಗ್ಯಾಕ ತಕರಾರು ತೆಗೀತೀರಿ? ಮೊದಲ ಸಹಿ ಆಗಲಿ, ಆಮ್ಯಾಲ ಮಾಡಿಸಿ ಕೊಡ್ತೇನಿ.” ಹೀಗೆ ಹೇಳುವವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಈ ಒಂದು ಮಾತಿನಿಂದ ನಮ್ಮ ಭಾಗದಲ್ಲಿ ಬೀಗರ ನಡುವೆ, ಅಣ್ಣತಮ್ಮಂದಿರ ನಡುವೆ ಮಾತು ನಿಂತಿದೆ. ಕಾಗದ-ಪತ್ರಗಳ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ನಾನು ಕೇಳಿಕೊಳ್ಳುವುದು ಒಂದೇ. ಸಹಿಗೆ ಮುಂಚೆ ಹಾನಿ ಕಂಡರೆ, ಸಹಿಗೆ ಮುಂಚೆಯೇ ಅದನ್ನು ಬಾಯಿಬಿಟ್ಟು ಹೇಳಿ, ನೋಡಿ, ಬರೆದು, ತೀರಿಸಿಕೊಳ್ಳಿ. ಅದಕ್ಕಾಗಿ ರಜಿಸ್ಟ್ರಿ ಹದಿನೈದು ದಿನ ಮುಂದೆ ಹೋದರೆ ಯಾರ ಮಾನವೂ ಹೋಗುವುದಿಲ್ಲ.

ಇದು ನಮ್ಮ ಊರುಗಳಲ್ಲಿ ಮೇಲಿಂದ ಮೇಲೆ ಆಗುವುದಕ್ಕೆ ಕಾರಣ ನಮ್ಮ ನೆಲದಲ್ಲೇ ಇದೆ.   ಹೊಲದಲ್ಲಿ ಜೋಳ, ಕಡಲೆ ಬೆಳೆದುಕೊಡುವ ಎರೆಭೂಮಿಯೇ ಮನೆಯ ಪಾಯಕ್ಕೆ ಬಂದಾಗ ಬೇರೆ ಗುಣ ತೋರಿಸುತ್ತದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಅದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಅಂಶ ಪದರ ಪದರಗಳ ನಡುವೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಪಾಯ ಮೇಲೆದ್ದು ಕೆಳಗಿಳಿದರೆ ಗೋಡೆ ಎಷ್ಟು ತಡೆದೀತು? ಮೊದಲು ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಉಬ್ಬಿರುವ ಕಂಬದ ಪಾಯವನ್ನು ರೂಪಿಸಿತು. ಆದರೆ ನಮ್ಮ ಹಳೆಯ ಮನೆಗಳೆಲ್ಲ ಅದಕ್ಕಿಂತ ಮೊದಲಿನ ಕಟ್ಟಣಿ.

ನಮ್ಮ ಮಾಳಿಗೆ ಮನೆಗಳಿಗೆ ಇನ್ನೊಂದು ಕಾಟ. ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಕರಲು ಮಣ್ಣು ಹಾಕಿ, ತುಳಿದು, ನೀರು ಹರಿದು ಹೋಗುವ ದಾರಿ ಬಿಡಿಸುವವರು ಮನೆಯಲ್ಲಿ ಇರುವವರೆಗೆ ಆ ಮಾಳಿಗೆ ಮೂರು ತಲೆಮಾರು ಬಾಳುತ್ತದೆ. ಮನೆಗೆ ಬೀಗ ಬಿದ್ದು, ಮನೆಯವರು ಗೋವಾಕ್ಕೋ ಮಂಗಳೂರಿಗೋ ಪುಣೆಗೋ ದುಡಿಯಲು ಹೋದರೆ, ಎರಡು ಮಳೆಗಾಲ ಸಾಕು. ನೆನೆದ ಮಣ್ಣಿನ ಭಾರ ಗೆದ್ದಲು ತಿಂದ ಜಂತಿಯ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಕಟ್ಟಿದ ಕಲ್ಲಿನ ಗೋಡೆಯಾದರೆ ನೀರು ಹೊರಮೈ ಒಳಮೈಗಳ ನಡುವೆ ಇಳಿದು ಕೆಸರು ಕರಗಿಸುತ್ತದೆ. ಗೋಡೆ ಹೊಟ್ಟೆ ಬಿಡುವುದೆಂದರೆ ಅದೇ.

ಇನ್ನು ನೆಲದೊಳಗಿನ ಹಗೇವು. ಅಜ್ಜಂದಿರ ಕಾಲದಲ್ಲಿ ಜೋಳ ತುಂಬಿಡಲು ಮನೆಯೊಳಗೂ ಅಂಗಳದಲ್ಲೂ ಆಳವಾದ ಗುಂಡಿ ತೋಡಿ, ಹುಲ್ಲು ಹಾಸಿ, ಬಾಯಿಗೆ ಬಂಡೆ ಮುಚ್ಚುತ್ತಿದ್ದರು. ಚೀಲಗಳು, ಗೋದಾಮುಗಳು ಬಂದ ಮೇಲೆ ಹಗೇವು ಬಳಕೆ ತಪ್ಪಿತು. ಕೆಲವರು ಸರಿಯಾಗಿ ಮಣ್ಣು ತುಂಬಿ ಮುಚ್ಚಿದರು, ಕೆಲವರು ಬಾಯಿಗೆ ಕಲ್ಲಿಟ್ಟು ಮೇಲೆ ಫರಸಿ ಹಾಕಿಬಿಟ್ಟರು. ಆ ಮನೆಯ ಹಿರಿಯರು ತೀರಿಕೊಂಡರೆ ಅದು ಎಲ್ಲಿದೆ ಎಂಬುದೂ ಅವರ ಜೊತೆಗೇ ಹೋಗುತ್ತದೆ. ಒಂದು ದೊಡ್ಡ ಮಳೆಗೆ ಪಡಸಾಲೆಯ ನೆಲ ಕುಸಿದಾಗಲೇ ಉಳಿದವರಿಗೆ ಅದರ ಸುಳಿವು.

ಹಾನಿ ತಡವಾಗಿ ಕಣ್ಣಿಗೆ ಬೀಳುವುದಕ್ಕೆ ಕಾಲವೂ ಕೂಡಿಬರುತ್ತದೆ. ಸುಗ್ಗಿ ಮುಗಿದು, ಕಡಲೆ ಜೋಳ ಮಾರಿದ ರೊಕ್ಕ ಕೈಗೆ ಬಂದು, ಯುಗಾದಿ ಬಸವ ಜಯಂತಿಗಳ ಆಸುಪಾಸಿನಲ್ಲಿ ಸಂಚಕಾರದ ಮಾತುಗಳು ಹೆಚ್ಚು. ಆಗ ನೆಲ ಒಣಗಿರುತ್ತದೆ, ಮಾಳಿಗೆ ಒಣಗಿರುತ್ತದೆ, ಮನೆ ಗಟ್ಟಿಯಾಗಿ ಕಾಣುತ್ತದೆ. ರಜಿಸ್ಟ್ರಿ ಬರುವ ಹೊತ್ತಿಗೆ ಮುಂಗಾರು ಸುರಿದು ಮನೆಯ ನಿಜ ಸ್ಥಿತಿ ಹೊರಗೆ ಬಂದಿರುತ್ತದೆ. ಬೇಸಿಗೆಯಲ್ಲಿ ನೋಡಿದ ಮನೆಯನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡದೆ ಸಹಿ ಹಾಕುವ ಪದ್ಧತಿಯನ್ನು ನಾವು ಬಿಡಲೇಬೇಕು. ಅಮೀನಗಡದ ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡಿ ಬೆಲೆ ಮಾಡಿದ ಮೇಲೂ, ಹಗ್ಗ ಕೈಗೆ ತೆಗೆದುಕೊಳ್ಳುವ ಮುಂಚೆ ಇನ್ನೊಮ್ಮೆ ನಡೆಸಿ ನೋಡುತ್ತಾನೆ. ಅದನ್ನು ಯಾರೂ ಅಪನಂಬಿಕೆ ಎನ್ನುವುದಿಲ್ಲ.

ಈಗ ಕಾನೂನಿನ ಮಾತು. ಸಂಚಕಾರ ಕೊಟ್ಟ ಮೇಲೆ ಮನೆ ಯಾರದು? ನಮ್ಮಲ್ಲಿ ಬಹಳ ಜನ “ಮಾತು ಮುಗೀತು, ಇನ್ನ ಮನಿ ನಿಂದಽ” ಎಂದುಬಿಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಮಾರಾಟದ ಕರಾರು ತಾನಾಗಿ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೋಂದಾಯಿತ ಖರೀದಿ ಪತ್ರವಾದಾಗಲೇ ಒಡೆತನ ದಾಟುತ್ತದೆ. 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಒತ್ತಿ ಹೇಳಿತು. ಒಡೆತನ ದಾಟಿದ ಮೇಲೆ ಮಾರಿದವರ ತಪ್ಪಿಲ್ಲದೆ ಆಗುವ ನಷ್ಟ ಕೊಂಡವರದು ಎಂದು ಅದೇ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಅದಕ್ಕೆ ಮುಂಚಿನ ನಷ್ಟವನ್ನು ಮನೆಯ ಒಡೆಯರೇ, ಅಂದರೆ ಮಾರುವವರೇ ಹೊರಬೇಕು.

ಎಲ್ಲ ದೇಶಗಳಲ್ಲೂ ಹೀಗಿರಲಿಲ್ಲ. ಇಂಗ್ಲೆಂಡಿನಲ್ಲಿ 1801ರಲ್ಲಿ ಒಂದು ವ್ಯಾಜ್ಯ ನಡೆಯಿತು. ಕೊಳ್ಳುವವನು ಒಪ್ಪಿಕೊಂಡ ಮೇಲೆ, ಪತ್ರವಾಗುವ ಮುಂಚೆ, ಮನೆಗಳು ಬೆಂಕಿಗೆ ಸುಟ್ಟವು. ಒಪ್ಪಂದವಾದ ಗಳಿಗೆಯಿಂದಲೇ ಮನೆ ಕೊಳ್ಳುವವನದು, ಸುಟ್ಟರೂ ಹಣ ಕೊಡಬೇಕು ಎಂಬ ನಿಲುವನ್ನು ಅಲ್ಲಿನ ನ್ಯಾಯಾಧೀಶ ಲಾರ್ಡ್ ಎಲ್ಡನ್ ತೆಗೆದುಕೊಂಡರು. ಇಂಗ್ಲಿಷರೇ ನಮಗೆ ಬರೆದುಕೊಟ್ಟ 1882ರ ಕಾಯ್ದೆ ಬೇರೆ ದಾರಿ ಹಿಡಿಯಿತು. ಮನೆ ಯಾರ ಕೈಯಲ್ಲಿದೆಯೋ, ಮಾಳಿಗೆ ಏರಿ ಮಣ್ಣು ಹಾಕುವ ಅವಕಾಶ ಯಾರಿಗಿದೆಯೋ, ನಷ್ಟವೂ ಅವರದೇ ಆಗಲಿ ಎನ್ನುವುದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

55ನೇ ಕಲಮಿನ ಇನ್ನೆರಡು ಮಾತುಗಳನ್ನು ಮಾರುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ಹೇಳಲೇಬೇಕು. ಹೇಳದೆ ಇದ್ದರೆ ಕಾಯ್ದೆ ಅದನ್ನು ಮೋಸವೆಂದೇ ಎಣಿಸುತ್ತದೆ. ಮುಚ್ಚಿದ ಹಗೇವು, ಗಿಲಾವಿನ ಹಿಂದಿನ ಬಿರುಕು, ಬಣ್ಣದ ಕೆಳಗಿನ ಗೆದ್ದಲು ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಎರಡು, ಕರಾರಾದ ದಿನದಿಂದ ಮನೆ ಬಿಟ್ಟುಕೊಡುವ ದಿನದವರೆಗೆ, ವಿವೇಕಿಯಾದ ಒಡೆಯ ತನ್ನ ಆಸ್ತಿಯನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ಅದನ್ನು ನೋಡಿಕೊಳ್ಳಬೇಕು. “ಹೆಂಗೂ ಮಾರಿದ ಮನಿ, ಈ ವರ್ಷ ಮಣ್ಣು ಯಾಕ ಹಾಕಿಸಲಿ?” ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಅದೇ ಕಾಯ್ದೆಯ 8ನೇ ಕಲಮು ಮನೆಯ ಜೊತೆಗೆ ಬೀಗ, ಕೀಲಿಕೈ, ಸರಳು, ಬಾಗಿಲು, ಕಿಟಕಿಗಳೂ ಕೊಳ್ಳುವವರಿಗೆ ಸೇರುತ್ತವೆ ಎಂದು ಹೆಸರು ಹಿಡಿದು ಹೇಳುತ್ತದೆ. ರಜಿಸ್ಟ್ರಿಯ ಹಿಂದಿನ ವಾರ ತೇಗಿನ ಬಾಗಿಲು ಬಿಚ್ಚಿ ತಗಡಿನದು ಕೂಡಿಸುವವರಿಗೆ ಇದು ಗೊತ್ತಿರಲಿ.

ಆದರೆ ಇದೆಲ್ಲಕ್ಕೂ ಒಂದು ಷರತ್ತು ಇದೆ. ಬೇರೆ ಕರಾರು ಇಲ್ಲದಿದ್ದರೆ ಮಾತ್ರ ಈ ನಿಯಮಗಳು ನಡೆಯುತ್ತವೆ. ನಮ್ಮ ಸಂಚಕಾರ ಪತ್ರಗಳಲ್ಲಿ “ಮನೆಯನ್ನು ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿಕೊಂಡಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ” ಎಂಬ ಸಾಲು ರೂಢಿಯಿಂದ ಬಂದುಬಿಡುತ್ತದೆ. ಓದದೆ ಹೆಬ್ಬೆರಳು ಒತ್ತಿದರೆ, ಕಾಯ್ದೆ ಕೊಟ್ಟ ರಕ್ಷಣೆಯನ್ನು ನಾವೇ ಬಿಟ್ಟುಕೊಟ್ಟಂತೆ ಆದೀತು.

ಹಾನಿಯೆಲ್ಲ ಒಂದೇ ಬಗೆಯದಲ್ಲ. ಪಂಚರಾಗಿ ಕೂಡುವವರು ಮೊದಲು ಇದನ್ನು ವಿಂಗಡಿಸಬೇಕು. ಯಾರ ತಪ್ಪೂ ಇಲ್ಲದೆ ಮಳೆ ಗಾಳಿಗೆ ಆದ ಹಾನಿ ಒಂದು. ಅದರ ಭಾರ ಮಾರುವವರದು, ಆದರೆ ಅವರನ್ನು ಕಳ್ಳರಂತೆ ನಿಲ್ಲಿಸಿ ಕೇಳಬಾರದು. ಮಾಳಿಗೆ ಕಡೆ ನೋಡದೆ, ಸೋರುವ ಕೊಳವೆ ಸರಿ ಮಾಡಿಸದೆ ಆದ ಹಾನಿ ಎರಡನೆಯದು. ಇಲ್ಲಿ ಮಾರುವವರ ಹೊಣೆ ಪೂರ್ತಿ. ಮೂರನೆಯದು, ಬಾಡಿಗೆಗೆ ಇದ್ದವರು ಬಿಟ್ಟುಹೋಗುವಾಗ ಮಾಡಿದ ಹಾನಿ. ಕೊಳ್ಳುವವರ ಪಾಲಿಗೆ ಅದೂ ಮಾರುವವರದೇ. ಬಾಡಿಗೆದಾರರಿಂದ ವಸೂಲಿ ಮಾಡುವುದು ಅವರಿಬ್ಬರ ನಡುವಿನ ಮಾತು. ನಾಲ್ಕನೆಯದನ್ನು ನಾವು ಮರೆಯುತ್ತೇವೆ. ಕೊಳ್ಳುವವರೇ ಅವಸರ ಮಾಡಿ ರಜಿಸ್ಟ್ರಿಗೆ ಮುಂಚೆ ಕೀಲಿಕೈ ಇಸಿದುಕೊಂಡು, ಸ್ನಾನದ ಮನೆ ಮಾಡಿಸಲು ಗೋಡೆ ಒಡೆಸಿ, ಮೇಲಿನ ತೊಲೆ ಇಳಿದರೆ? ಅದು ಕೊಳ್ಳುವವರ ತಲೆಗೇ ಬರುತ್ತದೆ. ಹಾಗೆ ಮುಂಚೆಯೇ ಕಬ್ಜಾ ತೆಗೆದುಕೊಂಡು ಅದನ್ನು ಕರಾರಿನಲ್ಲಿ ಬರೆದರೆ ಮುದ್ರಾಂಕ ಶುಲ್ಕವೂ ಖರೀದಿ ಪತ್ರದ ಲೆಕ್ಕಕ್ಕೆ ಏರುತ್ತದೆ. ಆದ್ದರಿಂದ ಕೀಲಿಕೈ ಸಹಿಯ ದಿನವೇ ಕೈ ಬದಲಾಗಲಿ.

ಹಾನಿ ಕಂಡ ದಿನ ಏನು ಮಾಡಬೇಕು? ಮೊದಲು ಯಾರೂ ಅದಕ್ಕೆ ಗಿಲಾವು ಬಳಿಯಬಾರದು. ಹಗಲು ಬೆಳಕಿನಲ್ಲಿ, ಎರಡೂ ಕಡೆಯವರು ಇರುವಾಗ, ಪ್ರತಿ ಕೋಣೆಯ ಫೋಟೊ ತೆಗೆದು ಆಗಲೇ ಇಬ್ಬರ ಮೊಬೈಲಿಗೂ ಕಳಿಸಿಕೊಳ್ಳಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಹತ್ತು ದಿನದಲ್ಲಿ ಬಿರುಕು ಗೆರೆ ದಾಟಿದರೆ ಪಾಯ ಇನ್ನೂ ಅಲುಗಾಡುತ್ತಿದೆ ಎಂದರ್ಥ. ಸುಮ್ಮನಿದ್ದರೆ ಹಳೆಯ ಬಿರುಕಿರಬಹುದು, ಖರ್ಚು ಕಡಿಮೆಯಾದೀತು. ಜಂತಿ ತೊಲೆಗಳ ಗೋಡೆಯೊಳಗಿನ ತುದಿಗಳನ್ನು ಚೂಪು ಮೊಳೆಯಿಂದ ಚುಚ್ಚಿ ನೋಡಿ. ಗೆದ್ದಲು ತಿಂದ ಕಟ್ಟಿಗೆಯಲ್ಲಿ ಮೊಳೆ ತಡೆಯಿಲ್ಲದೆ ಇಳಿಯುತ್ತದೆ. ನೆಲವನ್ನು ಹಾರೆಯ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ, ಆ ಮನೆಯಲ್ಲಿ ಬಾಳಿದ ಹಿರಿಯ ಅಜ್ಜಿಯನ್ನು ಹಗೇವಿನ ಬಗ್ಗೆ ಕೇಳಿ. ಮಾಳಿಗೆಯ ಮೇಲೆ ಹತ್ತಿ ನೀರು ಎಲ್ಲಿ ನಿಂತಿದೆ ನೋಡಿ.

ಆಮೇಲೆ ಎರಡೂ ಕಡೆಯವರು ಒಪ್ಪುವ ಒಬ್ಬ ಗೌಂಡಿಯನ್ನು ಕರೆಸಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಪಾಯ ಕುಸಿದಿದ್ದರೆ ಹುನಗುಂದ ಅಥವಾ ಇಳಕಲ್ಲಿನಿಂದ ಸಿವಿಲ್ ಎಂಜಿನಿಯರರನ್ನೇ ಕರೆಸಿ. ಅವರ ಖರ್ಚು ಇಬ್ಬರಿಗೂ ಅರ್ಧರ್ಧ. ಅವರ ಅಂದಾಜು ಕಾಗದದ ಮೇಲೆ ಬರಲಿ: ಏನು ಹಾಳಾಗಿದೆ, ಯಾವ ಕಾರಣಕ್ಕೆ, ಸರಿಪಡಿಸಲು ಸಾಮಾನು ಎಷ್ಟು, ಆಳಿನ ಕೂಲಿ ಎಷ್ಟು, ಎಷ್ಟು ದಿನ. ಬ್ಯಾಂಕಿನ ಸಾಲದ ಮೇಲೆ ಕೊಳ್ಳುತ್ತಿದ್ದರೆ ಬ್ಯಾಂಕಿಗೂ ತಿಳಿಸಿ. ಅವರ ಎಂಜಿನಿಯರು ಬೆಲೆ ಕಟ್ಟಿದ್ದು ಹಾನಿಗೆ ಮುಂಚೆ ನಿಂತಿದ್ದ ಮನೆಗೆ.

ಅಂದಾಜು ಕೈಗೆ ಬಂದ ಮೇಲೆ ತೀರಿಸಿಕೊಳ್ಳಲು ನಾಲ್ಕು ದಾರಿಗಳಿವೆ. ಮಾರುವವರೇ ರಿಪೇರಿ ಮಾಡಿಸಿಕೊಟ್ಟು ಆಮೇಲೆ ರಜಿಸ್ಟ್ರಿ ಮಾಡುವುದು ಮೊದಲನೆಯದು. ಕೆಲಸ ಸಣ್ಣದಾದರೆ ಇದೇ ಒಳ್ಳೆಯದು. ಆದರೆ ಮಾರಿ ಹೋಗುವವರಿಗೆ ಕಡಿಮೆ ಖರ್ಚಿನಲ್ಲಿ ಮುಗಿಸುವ ಆಸೆ ಇರುವುದು ಸಹಜ, ಆದ್ದರಿಂದ ಯಾವ ಸಾಮಾನು, ಯಾವ ಗೌಂಡಿ ಎಂಬುದನ್ನು ಮೊದಲೇ ಗೊತ್ತು ಮಾಡಿ. ಬೆಲೆಯಲ್ಲಿ ಅಷ್ಟು ಇಳಿಸಿ, ರಿಪೇರಿಯನ್ನು ಕೊಂಡವರಿಗೆ ಬಿಡುವುದು ಎರಡನೆಯದು. ಮಾರುವವರು ಊರಲ್ಲೇ ಇಲ್ಲದಿದ್ದರೆ, ಕೊಂಡವರು ಹೇಗೂ ಮನೆ ಕೆಡವಿ ಕಟ್ಟುವವರಿದ್ದರೆ, ಇದಕ್ಕಿಂತ ಸರಳವಾದದ್ದಿಲ್ಲ. ಬೆಲೆ ಇಳಿದರೂ ಮುದ್ರಾಂಕ ಶುಲ್ಕ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕೆಳಗೆ ಹೋಗುವುದಿಲ್ಲ ಎಂಬುದನ್ನು ಲೆಕ್ಕದಲ್ಲಿ ಹಿಡಿಯಿರಿ. ಮೂರನೆಯದು, ರಿಪೇರಿಯ ಮೊತ್ತವನ್ನು ತಡೆಹಿಡಿದು ರಜಿಸ್ಟ್ರಿ ಮಾಡಿ, ಕೆಲಸ ಮುಗಿದ ಮೇಲೆ ಕೊಡುವುದು. ಎಷ್ಟು ಮೊತ್ತ, ಯಾರ ಕೈಯಲ್ಲಿ, ಯಾವ ತಾರೀಖಿನೊಳಗೆ, ಕೆಲಸ ಆಗದಿದ್ದರೆ ಏನು ಎಂದು ಬರೆಯದೆ ಈ ದಾರಿ ಹಿಡಿಯಬೇಡಿ. ಬಾಕಿ ಉಳಿದ ಬೆಲೆಗೆ ಮಾರಿದವರಿಗೆ ಆ ಮನೆಯ ಮೇಲೆಯೇ ಕಾನೂನಿನ ಹಕ್ಕು ನಿಲ್ಲುತ್ತದೆ, ಮುಂದೆ ಕೊಂಡವರಿಗೆ ಅದು ಕಾಡಬಹುದು. ನಾಲ್ಕನೆಯದು, ವ್ಯವಹಾರ ಬಿಟ್ಟು ಸಂಚಕಾರ ವಾಪಸು ಮಾಡುವುದು. ಮನೆ ವಾಸಕ್ಕೇ ಯೋಗ್ಯವಿಲ್ಲ ಎನ್ನುವಷ್ಟು ಹಾನಿಯಾಗಿದ್ದರೆ ಇದರಲ್ಲಿ ನಾಚಿಕೆ ಇಲ್ಲ. ಕರಾರು ನೋಂದಣಿಯಾಗಿದ್ದರೆ ರದ್ದತಿಯೂ ನೋಂದಣಿಯಾಗಬೇಕು. ಇಲ್ಲದಿದ್ದರೆ ಋಣಭಾರ ಪತ್ರದಲ್ಲಿ ಹಳೆಯ ಕರಾರು ಹಾಗೇ ಉಳಿದು ಮಾರುವವರ ಮುಂದಿನ ವ್ಯವಹಾರಕ್ಕೆ ಅಡ್ಡ ಬರುತ್ತದೆ.

ಯಾವ ದಾರಿ ಹಿಡಿದರೂ ಒಂದು ಪೂರಕ ಕರಾರು ಬರೆಯಿಸಿ. ರಜಿಸ್ಟ್ರಿ ಮುಂದೆ ಹೋಗುತ್ತಿದ್ದರೆ ಹೊಸ ತಾರೀಖನ್ನು ಅದರಲ್ಲೇ ಸೇರಿಸಿ, ಇಬ್ಬರೂ ಸಹಿ ಹಾಕಿ, ಪಂಚರ ಸಾಕ್ಷಿ ಇರಲಿ. ಕರಾರು ನಡೆಸಿಕೊಡಿ ಎಂದು ಕೋರ್ಟಿಗೆ ಹೋಗಲು ಗೊತ್ತಾದ ತಾರೀಖಿನಿಂದ ಮೂರು ವರ್ಷ ಮಾತ್ರ ಅವಕಾಶ. ತಾರೀಖು ಬಾಯಿಮಾತಿನಲ್ಲಿ ಮುಂದೆ ಹೋದರೆ ಆ ಮೂರು ವರ್ಷ ಎಲ್ಲಿಂದ ಎಣಿಸಬೇಕು ಎಂಬುದೇ ಒಂದು ಜಗಳವಾಗುತ್ತದೆ.

ಮನೆ ಮಾರುವ ಬಂಧುಗಳೇ, ನಿಮ್ಮ ಕಷ್ಟ ನನಗೆ ಗೊತ್ತು. ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ, ಬೋರ್‌ವೆಲ್ ಸಾಲಕ್ಕೋ ಅಪ್ಪ ಕಟ್ಟಿದ ಮನೆ ಮಾರುತ್ತಿದ್ದೀರಿ. ಬರುವ ರೊಕ್ಕವನ್ನು ಈಗಾಗಲೇ ಯಾರಿಗೋ ಮಾತು ಕೊಟ್ಟಿದ್ದೀರಿ. ಗೋಡೆ ಬಿರುಕು ಬಿಟ್ಟಿದೆ ಎಂದು ಹೇಳಿದರೆ ಬೆಲೆ ಬಿದ್ದೀತೆಂಬ ಹೆದರಿಕೆ ನಿಮ್ಮದು. ಆದರೆ ನೀವಾಗಿ ಫೋನು ಮಾಡಿ “ಹಿಂದಿನ ಗ್ವಾಡಿ ಮಳಿಗೆ ಬಿರತೈತಿ, ಬಂದು ನೋಡ್ರಿ” ಎಂದರೆ ಕಳೆಯುವುದು ರಿಪೇರಿಯ ಖರ್ಚು ಮಾತ್ರ. ಅವರೇ ಬಂದು ಕಂಡುಹಿಡಿದರೆ ನಂಬಿಕೆಯೂ ಹೋಗುತ್ತದೆ, ಆಮೇಲೆ ಸರಿಯಾಗಿರುವ ಗೋಡೆಯನ್ನೂ ಅವರು ಅನುಮಾನದಿಂದ ನೋಡುತ್ತಾರೆ. ಸಹಿಯಾದ ಮೇಲೆ ಕಂಡುಹಿಡಿದರೆ ಅದು ಮೋಸದ ದಾವೆ. ಹೊರಗೆ ದುಡಿಯುವವರಾದರೆ ಕರಾರಿನ ಅವಧಿಗೆ ಮನೆಯ ಕೀಲಿಯನ್ನು ಊರಲ್ಲಿ ನಂಬಿಗಸ್ಥರಿಗೆ ಕೊಟ್ಟು, ದೊಡ್ಡ ಮಳೆಯಾದಾಗಲೆಲ್ಲ ಬಾಗಿಲು ತೆಗೆದು ನೋಡುವಂತೆ ಹೇಳಿ.

ಮನೆ ಕೊಳ್ಳುವ ಬಂಧುಗಳೇ, ನಿಮ್ಮದೂ ಜವಾಬ್ದಾರಿ ಇದೆ. ಕಣ್ಣಿಗೆ ಕಾಣುವ ದೋಷವನ್ನು ನೋಡದೆ ಬಿಟ್ಟವರಿಗೆ ಕಾನೂನಿನ ಆಸರೆ ಕಡಿಮೆ. 1872ರ ಕರಾರು ಕಾಯ್ದೆಯ 19ನೇ ಕಲಮಿನ ಪ್ರಕಾರ, ಸಾಮಾನ್ಯ ಜಾಗ್ರತೆಯಿಂದ ನಿಜ ತಿಳಿಯಲು ದಾರಿಯಿದ್ದೂ ತಿಳಿದುಕೊಳ್ಳದವರು ಆಮೇಲೆ “ನನ್ನಿಂದ ಮುಚ್ಚಿಟ್ಟರು” ಎಂದು ಕರಾರು ಮುರಿಯುವುದು ಕಷ್ಟ. ಹಾಗೆಯೇ ಸಣ್ಣ ಬಿರುಕನ್ನು ದೊಡ್ಡದು ಮಾಡಿ, ಮಾರುವವರ ಅವಸರ ನೋಡಿ, ರಜಿಸ್ಟ್ರಿಯ ಹಿಂದಿನ ದಿನ ಅರ್ಧ ಬೆಲೆಗೆ ಕೇಳುವುದೂ ಅನ್ಯಾಯವೇ. ಹಾನಿಯ ನೆಪದಲ್ಲಿ ಬಾಕಿ ಹಣ ತಡೆದು ಸುಮ್ಮನೆ ಕೂಡಬೇಡಿ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಲ್ಲಿ, ಹೊತ್ತಿಗೆ ಸರಿಯಾಗಿ ಬಾಕಿ ಕೊಡದವರ 20 ಲಕ್ಷ ರೂಪಾಯಿ ಮುಂಗಡವನ್ನು ಮಾರುವವರು ಮುಟ್ಟುಗೋಲು ಹಾಕಿಕೊಂಡದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂಗಡ ವಾಪಸು ಬೇಕೆಂದು ದಾವೆಯಲ್ಲೇ ಕೇಳಿರಲಿಲ್ಲ ಎಂಬುದೂ ಅವರಿಗೆ ಮುಳುವಾಯಿತು. ನಿಮ್ಮ ತಕರಾರು ನ್ಯಾಯವಾದದ್ದಾದರೆ ಅದು ತಾರೀಖಿಗೆ ಮುಂಚೆ, ಬರಹದಲ್ಲಿ, ಫೋಟೊ ಸಮೇತ ಮಾರುವವರಿಗೆ ತಲುಪಿರಬೇಕು. ಹಣ ಸಿದ್ಧವಿದೆ ಎಂಬುದೂ ಅದರಲ್ಲಿ ಬರೆದಿರಬೇಕು.

ಹೊಳೆ ಸಾಲಿನ ಊರುಗಳವರಿಗೆ ಇನ್ನೂ ಒಂದು ಮಾತು. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವವರೆಗೆ ಎಷ್ಟು ಊರುಗಳನ್ನು ನೆನೆಸುತ್ತದೆ ಎಂಬುದನ್ನು ನಾವು 2009ರಲ್ಲಿ ನೋಡಿದೆವು, 2019ರ ಆಗಸ್ಟಿನಲ್ಲಿ ಮತ್ತೆ ನೋಡಿದೆವು. 2019ರಲ್ಲಿ ಸರ್ಕಾರ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಇಂಥ ಪರಿಹಾರ ಸಾಮಾನ್ಯವಾಗಿ ಪಂಚಾಯಿತಿ ದಾಖಲೆಯಲ್ಲಿ ಹೆಸರಿರುವವರಿಗೆ ಬರುತ್ತದೆ. ಸಂಚಕಾರವಾಗಿ ರಜಿಸ್ಟ್ರಿಯಾಗದ ಮನೆಯಲ್ಲಿ ಆ ಹೆಸರು ಇನ್ನೂ ಮಾರುವವರದು. ಬೆಲೆ ಇಳಿಸದೆ ಪರಿಹಾರವನ್ನೂ ಇಟ್ಟುಕೊಂಡು ಬಿದ್ದ ಮನೆ ಮಾರುವುದು ಎರಡು ಕೈಯಲ್ಲಿ ಬಾಚಿಕೊಂಡಂತೆ. ಪರಿಹಾರಕ್ಕೆ ಅರ್ಜಿ ಹಾಕಿದ್ದರೆ ಹೇಳಿ, ಅದನ್ನು ಬೆಲೆಯ ಲೆಕ್ಕದಲ್ಲಿ ಸೇರಿಸಿ. ಪರಿಹಾರದಿಂದಲೋ ಪುನರ್ವಸತಿಯಿಂದಲೋ ಬಂದ ಮನೆಯಾದರೆ ಹಕ್ಕುಪತ್ರದಲ್ಲಿ ಮಾರಾಟಕ್ಕೆ ನಿರ್ಬಂಧವಿದೆಯೇ ಎಂದು ಸಂಚಕಾರಕ್ಕೆ ಮುಂಚೆಯೇ ಓದಿಸಿ.

ಮಾತು ಕೆಟ್ಟು ಹೋಗಿದ್ದರೆ ನೇರ ಕೋರ್ಟಿಗೆ ಓಡುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ನೆರೆ ಬರಗಳಲ್ಲಿ ನೊಂದವರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವ ಅವಕಾಶವೂ ಇದೆ. ದಾವೆ ಹೂಡಲೇಬೇಕಾದರೆ, ಕರಾರು ನಡೆಸಿಕೊಡಿ ಎಂಬುದರ ಜೊತೆಗೆ, ಅದಾಗದಿದ್ದರೆ ಮುಂಗಡ ವಾಪಸು ಕೊಡಿಸಿ ಎಂದೂ ಕೇಳುವಂತೆ ವಕೀಲರಿಗೆ ನೆನಪಿಸಿ.

ಕೊನೆಗೆ ಹಿರಿಯರಿಗೆ ಮತ್ತು ಪತ್ರ ಬರೆಯುವವರಿಗೆ ನನ್ನ ಕೋರಿಕೆ. ಸಂಚಕಾರದ ದಿನ ನಿಮ್ಮ ಮಾತಿಗೆ ಇರುವ ತೂಕ ಆಮೇಲೆ ಯಾವ ಕೋರ್ಟಿನ ನೋಟೀಸಿಗೂ ಇರುವುದಿಲ್ಲ. ನೀವು ಚಕ್‌ಬಂದಿ ಸರಿಯಾಗಿ ಬರೆಸುತ್ತೀರಿ, ಬೋಜಾ ಇದೆಯೇ ನೋಡಿಸುತ್ತೀರಿ, ಅಕ್ಕತಂಗಿಯರ ಸಹಿ ಆಗಿದೆಯೇ ಕೇಳುತ್ತೀರಿ. ಮನೆಯ ಸ್ಥಿತಿಯ ಬಗ್ಗೆಯೂ ಒಂದು ಮಾತು ಬರೆಸಿ. ಅದು ಎರಡೂ ಕಡೆಯವರನ್ನು ಕಾಯುತ್ತದೆ. ಮುಂದಿನ ಸಂಚಕಾರ ಪತ್ರಕ್ಕೆ ಈ ಸಾಲುಗಳನ್ನು ಸೇರಿಸಿ ಎಂದು ಬೇಡಿಕೊಳ್ಳುತ್ತೇನೆ. ನಿಮ್ಮ ವಕೀಲರಿಗೆ ತೋರಿಸಿ, ಬೇಕಾದಂತೆ ತಿದ್ದಿಕೊಳ್ಳಿ:

“ಈ ದಿನ ಇಬ್ಬರೂ ಕೂಡಿ ಮನೆಯನ್ನು ನೋಡಿ ಫೋಟೊ ತೆಗೆದಿದ್ದು, ಅವು ಈ ಪತ್ರದ ಭಾಗವಾಗಿವೆ. ಮನೆಯೊಳಗೆ ಅಥವಾ ಅಂಗಳದಲ್ಲಿ ಇರುವ ಹಗೇವು, ಹಿಂದೆ ಆದ ಕುಸಿತ, ಬಿರುಕು, ಸೋರಿಕೆಗಳನ್ನು ಮಾರುವವರು ತಿಳಿಸಿದ್ದಾರೆ. ಖರೀದಿ ಪತ್ರ ನೋಂದಣಿಯಾಗುವವರೆಗೆ ಮನೆಯ ಜೋಪಾನ ಮತ್ತು ಹಾನಿಯ ಹೊಣೆ ಮಾರುವವರದು. ನೋಂದಣಿಗೆ ಏಳು ದಿನ ಮುಂಚೆ ಇಬ್ಬರೂ ಮತ್ತೆ ಕೂಡಿ ಮನೆ ನೋಡಬೇಕು. ಹಾನಿ ಕಂಡುಬಂದರೆ ಇಬ್ಬರೂ ಒಪ್ಪಿದವರಿಂದ ಅಂದಾಜು ಮಾಡಿಸಿ, ರಿಪೇರಿ, ಬೆಲೆ ಇಳಿಕೆ ಅಥವಾ ಮುಂಗಡ ವಾಪಸು, ಇವುಗಳಲ್ಲಿ ಒಂದನ್ನು ಬರಹದಲ್ಲಿ ತೀರ್ಮಾನಿಸಿದ ಮೇಲೆಯೇ ನೋಂದಣಿ ಮಾಡಬೇಕು. ಅದಕ್ಕೆ ಬೇಕಾಗುವ ದಿನಗಳಷ್ಟು ಅವಧಿ ಮುಂದೆ ಹೋಗುತ್ತದೆ.”

ಇಷ್ಟು ಬರೆಯಲು ಅರ್ಧ ಪುಟ ಸಾಕು. ನಿಮ್ಮ ಊರಿನಲ್ಲಿ ಈ ವರ್ಷ ನಡೆಯುವ ಮೊದಲ ಮನೆ ವ್ಯವಹಾರದಿಂದಲೇ ಇದು ಶುರುವಾಗಲಿ.

ನಿಮ್ಮವನೇ ಆದ,
ಹುನಗುಂದ ಭಾಗದ ಒಬ್ಬ ಹಿತೈಷಿ